ಮೊದಲು ಮೊಟ್ಟೆ, ಆಮೇಲೆ ಹಕ್ಕಿ

ಪುಟ್ಟಿ,

ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಜಗಳ ಪಂಡಿತರಿಗಿರಲಿ. ಚಿತ್ರದ ಮಟ್ಟಿಗೆ ಅದು ಎಂದೋ ತೀರ್ಮಾನವಾಗಿದೆ, ಮೊಟ್ಟೆಯೇ ಮೊದಲು. "ಮಾವ, ಮುಂದಿನ ವಾರ ಮಕ್ಕಳಿಗೆ ಹಕ್ಕಿ ಬರೆಯೋದು ಹೇಳಿಕೊಡಬೇಕು, ಬೋರ್ಡ್ ಮೇಲೆ ಹೇಗೆ ಬರೀಲಿ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಬೋರ್ಡಿನ ಮೇಲೆ ಬರೆಯುವುದು ಕೊನೆಯ ಮಾತು ಕಣಮ್ಮ. ಅದಕ್ಕೆ ಮುಂಚೆ ಹೇಳಬೇಕಾದ್ದು ಸಾಕಷ್ಟಿದೆ. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದವನಿಗೆ ಮಾತು ಜಾಸ್ತಿ ಅಂತ ನಿಮ್ಮಮ್ಮ ಹೇಳುತ್ತಾಳೆ. ಹೇಳಲಿ, ಕಾಗದವಾದರೆ ಬೇಕಾದಾಗ ಮಡಿಸಿ ಇಡಬಹುದು.

ಯಾವ ಊರಿನ ಶಾಲೆಯಲ್ಲಾದರೂ ಮಕ್ಕಳಿಗೆ ಹಾಳೆ ಕೊಟ್ಟು "ಏನು ಬೇಕಾದರೂ ಬರೀರಿ" ಅಂದು ನೋಡು. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದಿಂದ ಇಳಿಯುವ ಹೊಳೆ, ದಡದಲ್ಲೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. ಆಕಾಶದಲ್ಲಿ ನಾಲ್ಕೈದು ಬಾಗಿದ ಗೆರೆ, ಅವೇ ಹಕ್ಕಿ. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ. ಅಕ್ಕನ ಪುಸ್ತಕ ನೋಡಿ ತಂಗಿ ಕಲಿತದ್ದು, ಅವಳನ್ನು ನೋಡಿ ಪಕ್ಕದ ಮನೆಯವನು ಕಲಿತದ್ದು. ಇನ್ನೊಂದಿದೆ: 2 ಬರೆದು, ಅದರ ಬೆನ್ನಿಗೊಂದು ಗೆರೆ ಎಳೆದರೆ ಬಾತುಕೋಳಿ. ಇವುಗಳ ಮೇಲೆ ನನಗೆ ಕೋಪವೇನಿಲ್ಲ, ಚಿಕ್ಕವನಿದ್ದಾಗ ನಾನೂ ಬರೆದವನೇ. ಆದರೆ ಇಂಥ ಹಕ್ಕಿ ಬರೆಯಲು ಮಗು ಒಂದು ಸಲವೂ ಕಿಟಕಿಯ ಹೊರಗೆ ನೋಡಬೇಕಾಗಿಲ್ಲ, ತೊಂದರೆ ಇರುವುದು ಅಲ್ಲಿ. ನೀನು ಸೊನ್ನೆ, ಮೊಟ್ಟೆ, ತ್ರಿಕೋನ ಅಂತ ಆಕಾರ ಹಿಡಿದು ಕಲಿಸುವಾಗಲೂ ಅದೇ ಅಪಾಯ ಉಂಟು. ಆಕಾರ ಇರುವುದು ಹಕ್ಕಿಯನ್ನು ನೋಡುವುದಕ್ಕೆ. ಹಕ್ಕಿಯ ಬದಲಿಗೆ ಇಟ್ಟುಕೊಳ್ಳುವುದಕ್ಕಲ್ಲ. ಈ ಕಾಗದದಲ್ಲಿ ನಾನು ಹೇಳುವುದೆಲ್ಲ ಇದೊಂದರ ಸುತ್ತಲೇ.

ಮೊದಲು ಕೈಯ ವಿಷಯ. ನಿನ್ನದು ನಲಿ-ಕಲಿ ಕೋಣೆ, ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಪಕ್ಕದಲ್ಲೇ ಅಂಗನವಾಡಿ, ಅಲ್ಲಿನ ಚಿಳ್ಳೆಪಿಳ್ಳೆಗಳೂ ಬಾಗಿಲಲ್ಲಿ ನಿಂತು ಇಣುಕುತ್ತವೆ. ಎಲ್ಲರ ಕೈಗೂ ಎಲ್ಲ ಆಕಾರ ಒಗ್ಗುವುದಿಲ್ಲ. ಸಾಮಾನ್ಯವಾಗಿ 3 ವರ್ಷದ ಸುಮಾರಿಗೆ ಮಗು ನೋಡಿಕೊಂಡು ಒಂದು ಸೊನ್ನೆ ಮುಚ್ಚುತ್ತದೆ. 4ರ ಹೊತ್ತಿಗೆ ಕೂಡುವ ಗುರುತು ಬರುತ್ತದೆ, 5ರ ಹತ್ತಿರ ಚೌಕ, 5 ದಾಟಿದ ಮೇಲೆ ತ್ರಿಕೋನ. ಗಾಳಿಪಟದ ಆಕಾರಕ್ಕೆ ಇನ್ನೂ ಒಂದೆರಡು ವರ್ಷ ಕಾಯಬೇಕು. ನಿಂತ ಗೆರೆ, ಮಲಗಿದ ಗೆರೆ ಸುಲಭ, ಓರೆ ಗೆರೆ ಕಷ್ಟ, ಅದೇ ಕಾರಣ. ಹಾಗಾಗಿ ಅಂಗನವಾಡಿಯ ಮಗುವಿಗೆ "ಕೊಕ್ಕಿಗೆ ತ್ರಿಕೋನ ಹಾಕು" ಅನ್ನುವುದು ಅನ್ಯಾಯ. ಅದು ಒಂದು ಗೀಟು ಎಳೆಯಲಿ, ಅದೇ ಕೊಕ್ಕು. ಇಲ್ಲವಾದರೆ ಕಾಗದದ ಚೂರು ಹರಿದು ಅಂಟಿಸಲಿ. ಇಂಥ ವಯಸ್ಸು ಅಂದರೆ ಇಂಥ ಆಕಾರ ಬರಲೇಬೇಕು ಅಂತಲೂ ಹಿಡಿಯಬೇಡ. ಆರು ತಿಂಗಳು ಹಿಂದೆ ಮುಂದೆ ಆಗುವುದು ಸಹಜ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಡಾ ಕೆಲ್ಲಾಗ್ ಅಂತ ಒಬ್ಬ ಶಿಶುವಿಹಾರದ ಮೇಡಂ ಇದ್ದರು. ಎಳೆಯ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಹಾಕಿ, ಜೋಡಿಸಿ ನೋಡಿ, 1969ರಲ್ಲಿ ಪುಸ್ತಕ ಬರೆದರು. ಮಕ್ಕಳು ಸುಮ್ಮನೆ ಗೀಚುವುದರೊಳಗಿಂದಲೇ ಸೊನ್ನೆ ಹುಟ್ಟುತ್ತದೆ, ಸೊನ್ನೆಯಿಂದ ಕಿರಣವಿರುವ ಸೂರ್ಯ, ಸೂರ್ಯನಿಂದ ಕೈಕಾಲಿರುವ ಮನುಷ್ಯ, ಯಾರೂ ಹೇಳಿಕೊಡದೆ ಹೀಗೆ ಒಂದರಿಂದ ಒಂದು ಬರುತ್ತದೆ ಅನ್ನುವುದು ಅವರು ಕಂಡುಕೊಂಡದ್ದು. ಅಂದರೆ ನೀನು ಆಕಾರ ಕಲಿಸುತ್ತಿಲ್ಲ ಪುಟ್ಟಿ. ಮಗುವಿನ ಬಳಿ ಆಗಲೇ ಇರುವ ಆಕಾರಕ್ಕೆ ಒಂದು ಕೆಲಸ ಕೊಡುತ್ತಿದ್ದೀಯ, ಅಷ್ಟೆ. ಗೀಚುವ ಮಗುವನ್ನು ಗೀಚಲು ಬಿಡು. ಅದರ ಗೀಚಿನಲ್ಲೇ ಎಲ್ಲೋ ಒಂದು ಸುತ್ತು ಮುಚ್ಚಿಕೊಂಡಿರುತ್ತದೆ. "ಇದಕ್ಕೆ ಕಣ್ಣು ಇಡೋಣವಾ?" ಅಂತ ಕೇಳು. ಕಣ್ಣು ಬಿದ್ದ ಮರುಕ್ಷಣ ಆ ಮಗುವೇ ಅದು ಕೋಳಿಯೋ ಕಾಗೆಯೋ ಹೇಳುತ್ತದೆ.

ಸಾಮಾನಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೊದಲ ದಿನ ಪೆನ್ಸಿಲ್, ಹಾಳೆ ಬೇಡ. ಅಂಗಳದ ಮಣ್ಣಿನಲ್ಲಿ ಕಡ್ಡಿ, ಸಿಮೆಂಟು ನೆಲದ ಮೇಲೆ ಸೀಮೆಸುಣ್ಣ, ಸ್ಲೇಟಿನ ಮೇಲೆ ಬಳಪ. ಭುಜದಿಂದ ಬೀಸಿ ದೊಡ್ಡ ಮೊಟ್ಟೆ ಬರೆಯುವ ಮಗುವಿಗೆ ಆಮೇಲೆ ಮಣಿಕಟ್ಟಿನಿಂದ ಚಿಕ್ಕ ಮೊಟ್ಟೆ ಬರುತ್ತದೆ, ತಿರುಗಿಸಿ ಮಾಡಿದರೆ ಬರುವುದಿಲ್ಲ. ಸ್ಲೇಟಿನ ಇನ್ನೊಂದು ಗುಣ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ತಪ್ಪು ಅನ್ನುವುದು ಉಳಿಯುವುದೇ ಇಲ್ಲ. ಹಾಳೆಗೆ ಬಂದ ಮೇಲೆ ರಬ್ಬರ್ ಎತ್ತಿಟ್ಟುಬಿಡು. ರಬ್ಬರ್ ಕೈಗೆ ಸಿಕ್ಕ ಮಗು ಪೀರಿಯಡ್ಡೆಲ್ಲ ಕತ್ತನ್ನೇ ಅಳಿಸಿ ಅಳಿಸಿ ಹಾಳೆ ತೂತು ಮಾಡುತ್ತದೆ. ಕ್ರೇಯಾನ್ ಮುರಿದಿದೆ ಅಂತ ಬೇಜಾರು ಮಾಡಿಕೊಳ್ಳಬೇಡ. ತುಂಡು ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲವಾದ್ದರಿಂದ ಮಗು ತಾನಾಗಿ ಮೂರು ಬೆರಳಲ್ಲಿ ಹಿಡಿಯುತ್ತದೆ. ಎಡಗೈಯವರನ್ನು ಎಡಗೈಯಲ್ಲೇ ಬಿಡು, ಇದನ್ನು ನಿನಗೆ ಹೇಳಬೇಕಾಗಿಲ್ಲ.

ಈಗ ಮೊಟ್ಟೆಗೆ ಬರೋಣ. ನಿಮ್ಮ ಶಾಲೆಯಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡುತ್ತಾರಲ್ಲ, ಅಂಥ ದಿನ ನೋಡಿ ಪಾಠ ಇಟ್ಟುಕೋ. ತಿನ್ನುವ ಮುಂಚೆ ಒಂದು ನಿಮಿಷ ಅಂಗೈಯಲ್ಲಿ ಉರುಳಿಸಿ ನೋಡಲಿ. ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಹುಟ್ಟುಹಾಕಿದ ಫ್ರೋಬೆಲ್ ಕೂಡ ಮಕ್ಕಳಿಗೆ ಮೊದಲು ಕೊಟ್ಟದ್ದು ಕೈಯಲ್ಲಿ ಹಿಡಿಯುವ ಚೆಂಡು, ಉರುಳೆ, ಘನಗಳನ್ನೇ. ಕಾಗದದ ಮೇಲಿನ ಆಕಾರ ಅದರ ನಂತರದ್ದು. ಮೊಟ್ಟೆ ತಿನ್ನದ ಮಕ್ಕಳ ಕೈಯಲ್ಲಿ ಬಾಳೆಹಣ್ಣು ಇದ್ದರೆ ಅದೂ ವ್ಯರ್ಥವಲ್ಲ, ಬೆಳ್ಳಕ್ಕಿಯ ಕತ್ತು ಬರೆಯುವಾಗ ಬೇಕಾಗುತ್ತದೆ. "ಮೊಟ್ಟೆ ಸೊನ್ನೆಯಾ?" ಅಂತ ಕೇಳು. ಅಲ್ಲ ಅನ್ನುತ್ತವೆ. ಒಂದು ತುದಿ ದಪ್ಪ, ಒಂದು ತುದಿ ಚೂಪು. ದಪ್ಪ ತುದಿ ಹಕ್ಕಿಯ ಎದೆ, ಚೂಪು ತುದಿ ಬಾಲದ ಕಡೆ. ಇಷ್ಟು ತಿಳಿದರೆ ಅರ್ಧ ಹಕ್ಕಿ ಬಂದಂತೆ.

ಉಳಿದರ್ಧ ಆ ಮೊಟ್ಟೆಯನ್ನು ಎಷ್ಟು ಓರೆ ಇಡುತ್ತೇವೆ ಅನ್ನುವುದರಲ್ಲಿದೆ. ಡ್ರಾಯಿಂಗ್ ಪುಸ್ತಕಗಳು ಇದನ್ನು ಹೇಳುವುದು ಕಡಿಮೆ, ನನಗಂತೂ ಇದೇ ಮುಖ್ಯ. ಮೇಜಿನ ಮೇಲೆ ಮೊಟ್ಟೆಯನ್ನು ಮಲಗಿಸು, ಕೆರೆಯಲ್ಲಿ ತೇಲುವ ಬಾತುಕೋಳಿ ಆಯಿತು. ನೆಟ್ಟಗೆ ನಿಲ್ಲಿಸು, ಗೂಬೆ. ಎದೆ ಮೇಲೆ ಬರುವಂತೆ ಸ್ವಲ್ಪ ಓರೆ ಮಾಡು, ಕಾಂಪೌಂಡಿನ ಮೇಲೆ ಕೂತ ಕಾಗೆ. ಇನ್ನಷ್ಟು ಎತ್ತು, ಕರೆಂಟು ತಂತಿಯ ಮೇಲಿನ ಮಿಂಚುಳ್ಳಿ. ಎದೆ ಕೆಳಗೆ, ಬಾಲ ಮೇಲೆ ಮಾಡು, ಕಾಳು ಹೆಕ್ಕುವ ಪಾರಿವಾಳ. ತಲೆ, ಕೊಕ್ಕು ಏನೂ ಬರೆಯದೆಯೇ ಮಕ್ಕಳು ಇದು ಏನು ಮಾಡುತ್ತಿದೆ ಅಂತ ಹೇಳಿಬಿಡುತ್ತವೆ. ಆಟ ಆಡಿಸು: ನೀನು ಮೊಟ್ಟೆ ಓರೆ ಮಾಡು, ಅವರು ಎದ್ದು ನಿಂತು ಮೈಯನ್ನೇ ಹಾಗೆ ಓರೆ ಮಾಡಲಿ. ಮೈಯಲ್ಲಿ ಬಂದದ್ದು ಕೈಯಲ್ಲಿ ಬರುತ್ತದೆ. ಆಮೇಲೆ ಸ್ಲೇಟಿನಲ್ಲಿ ಬರೀ ಮೊಟ್ಟೆಗಳನ್ನೇ ಬರೆಯಲಿ. ನಿದ್ದೆ ಮಾಡುವ ಮೊಟ್ಟೆ, ಹೆದರಿದ ಮೊಟ್ಟೆ, ನೀರು ಕುಡಿಯುವ ಮೊಟ್ಟೆ. ಅವತ್ತಿಗೆ ಅಷ್ಟು ಸಾಕು. ಹಕ್ಕಿ ಮುಗಿಸಲೇಬೇಕು ಅಂತ ಯಾರೂ ಲೆಕ್ಕ ಕೇಳುತ್ತಿಲ್ಲ.

ಮಾರನೆಯ ದಿನ ತಲೆ. ತಲೆ ಸೊನ್ನೆ ಅನ್ನುವುದು ಸರಿ. ಎಷ್ಟು ದೊಡ್ಡದು, ಎಲ್ಲಿ ಇಡಬೇಕು ಅನ್ನುವುದನ್ನು ಹೊರಗೆ ನೋಡಿಯೇ ತೀರ್ಮಾನಿಸಬೇಕು. ಗುಬ್ಬಿಗೆ ಕತ್ತೇ ಕಾಣುವುದಿಲ್ಲ, ಸೊನ್ನೆ ಅರ್ಧ ಮೊಟ್ಟೆಯೊಳಗೇ ಹೂತುಕೊಂಡಿರುತ್ತದೆ. ಮಕ್ಕಳು ಮಾತ್ರ ಮೊಟ್ಟೆಯ ಅಂಚಿಗೆ ಸೊನ್ನೆಯನ್ನು ತಾಗಿಸಿ ನಿಲ್ಲಿಸುತ್ತವೆ. ಒಂದರ ಮೇಲೊಂದು ಆಕಾರ ಬರೆಯಲು ಅವಕ್ಕೆ ಮನಸ್ಸು ಬಾರದು, ಎರಡೂ ಪೂರ್ತಿ ಕಾಣಬೇಕು. ತಿದ್ದಬೇಡ. ಸ್ವಲ್ಪ ದೊಡ್ಡ ಮಕ್ಕಳಿಗೆ, ಎರಡನೇ ಮೂರನೇ ತರಗತಿಯವರಿಗೆ, "ಈಗ ಹಕ್ಕಿಗೆ ಗರಿಯ ಕೋಟು ಹಾಕೋಣ" ಅಂತ ಹೇಳಿ ಸೊನ್ನೆ, ಮೊಟ್ಟೆ ಎರಡನ್ನೂ ಸುತ್ತಿ ಒಂದೇ ಹೊರಗೆರೆ ಎಳೆಸು. ಕತ್ತು ತಾನೇ ಮೂಡುತ್ತದೆ. ಒಳಗಿನ ಗೆರೆ ಬಣ್ಣದಡಿ ಮುಚ್ಚಿಹೋಗುತ್ತದೆ.

ಕೊಕ್ಕಿಗೆ ತ್ರಿಕೋನ ಅಂತ ಎಲ್ಲರೂ ಹೇಳುತ್ತಾರೆ. ನೀನು "ಇದು ಏನು ತಿನ್ನುತ್ತೆ?" ಅಂತ ಕೇಳಿ ಶುರುಮಾಡು. ಕಾಳು ಒಡೆಯುವ ಗುಬ್ಬಿಗೆ ಗಿಡ್ಡ, ದಪ್ಪ ತ್ರಿಕೋನ. ಮೀನು ಹಿಡಿಯುವ ಮಿಂಚುಳ್ಳಿಗೆ ತಲೆಗಿಂತ ಉದ್ದದ ಚೂಪು. ಹಣ್ಣು ಕೊರೆಯುವ ಗಿಳಿಗೆ ಕೆಳಕ್ಕೆ ಬಾಗಿದ ಕೊಂಡಿ. ಹೂವಿನ ರಸ ಹೀರುವ ಸೂರಕ್ಕಿಗೆ ಸೂಜಿಯಷ್ಟು ಸಣ್ಣ ಬಾಗು. ಮಾಂಸ ಸೀಳುವ ಗರುಡನಿಗೆ ತುದಿಯಲ್ಲಿ ಕೊಕ್ಕೆ. ನಿಮ್ಮದು ಮದ್ದೂರು ಕಡೆ, ಕೊಕ್ಕರೆ ಬೆಳ್ಳೂರು ಹತ್ತಿರ. ಅಲ್ಲಿ ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಚಳಿಗಾಲದಲ್ಲೋ ಬೇಸಿಗೆಯ ಮೊದಲಲ್ಲೋ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಬಾ. ಹೆಜ್ಜಾರ್ಲೆಯ ಕೊಕ್ಕು, ಅದರ ಕೆಳಗಿನ ಚೀಲ ನೋಡಿದ ಮಗು ಮೈಗಿಂತ ಕೊಕ್ಕನ್ನೇ ದೊಡ್ಡದಾಗಿ ಬರೆಯುತ್ತದೆ. ಅಳತೆ ತಪ್ಪು ಅಂತ ಹೇಳಿಬಿಟ್ಟೀಯಾ! ಅದಕ್ಕೆ ಆಶ್ಚರ್ಯವಾದದ್ದು ಎಷ್ಟೋ ಅಷ್ಟು ದೊಡ್ಡದಾಗಿ ಬರೆದಿದೆ.

ಕಣ್ಣನ್ನು ಮಕ್ಕಳು ತಲೆಯ ನಟ್ಟನಡುವೆ ಇಡುತ್ತವೆ, ಕೆಲವು ಎರಡೂ ಕಣ್ಣು ಒಂದೇ ಕಡೆ ಇಟ್ಟು ಕೆಳಗೊಂದು ನಗುವ ಬಾಯಿ ಬರೆಯುತ್ತವೆ. ಚಿಕ್ಕವರದ್ದು ಹಾಗೇ ಇರಲಿ. ಏಳೆಂಟು ವರ್ಷದವರಿಗೆ ಮಾತ್ರ ಒಂದು ಗುಟ್ಟು ಹೇಳು: ಕೊಕ್ಕಿನ ಎರಡು ತುಟಿ ಸೇರುವ ಗೆರೆ ಇದೆಯಲ್ಲ, ಅದನ್ನೇ ತಲೆಯೊಳಕ್ಕೆ ಎಳೆದುಕೊಂಡು ಹೋದರೆ ಅದರ ಸ್ವಲ್ಪ ಮೇಲೆ ಕಣ್ಣು ಸಿಗುತ್ತದೆ. ಕಪ್ಪು ತುಂಬುವಾಗ ಸಾಸಿವೆಯಷ್ಟು ಬಿಳಿ ಬಿಡಬೇಕು. ಗೂಬೆಗೆ ಮಾತ್ರ ಎರಡೂ ಕಣ್ಣು ಮುಂದೆ, ನಮಗಿರುವ ಹಾಗೆ. ಅದಕ್ಕೇ ಎರಡು ಕಣ್ಣಿಲ್ಲದೆ ಹಕ್ಕಿ ಬರೆಯಲು ಒಪ್ಪದ ಮಗುವಿಗೆ ಗೂಬೆಯನ್ನೇ ಕೊಡು. ನಿಂತ ಮೊಟ್ಟೆ, ಎರಡು ದೊಡ್ಡ ಸೊನ್ನೆ, ನಡುವೆ ಪುಟ್ಟ ತ್ರಿಕೋನ. ಎಲ್ಲಕ್ಕಿಂತ ಸುಲಭದ ಹಕ್ಕಿ ಅದು. ಅಪಶಕುನ ಅಂತ ಯಾರಾದರೂ ಮೂಗು ಮುರಿದರೆ ಗೂಬೆ ಹೊಲದ ಇಲಿ ತಿಂದು ರಾಗಿ ಉಳಿಸುತ್ತದೆ ಅಂತ ಹೇಳಿಬಿಡು.

ಕಾಲಿನ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಆಸೆ, ಸಹಿಸಿಕೋ. ಚಿಕ್ಕ ಮಕ್ಕಳು ಹಕ್ಕಿಗೆ ನಾಲ್ಕು ಕಾಲು ಬರೆಯುವುದುಂಟು. ಪ್ರಾಣಿ ಅಂದರೆ ನಾಲ್ಕು ಕಾಲು ಅಂತ ಅವುಗಳ ಲೆಕ್ಕ. ನಗಬೇಡ, ಉಳಿದವರು ನಗಲೂ ಬಿಡಬೇಡ. "ಮನೆ ಕೋಳಿಗೆ ಎಷ್ಟು ಕಾಲು, ನಾಳೆ ಎಣಿಸಿಕೊಂಡು ಬಾ" ಅನ್ನು. ಆ ಲೆಕ್ಕ ಜನ್ಮಕ್ಕೂ ಮರೆಯುವುದಿಲ್ಲ. ಇನ್ನು ಕಾಲು ಎಲ್ಲಿಂದ ಹೊರಡಬೇಕು? ಹೆಚ್ಚಿನವರು ಮೊಟ್ಟೆಯ ಚೂಪು ತುದಿಯ ಹತ್ತಿರ ಎರಡು ಕಡ್ಡಿ ಇಳಿಸುತ್ತಾರೆ, ಹಕ್ಕಿ ಮೂತಿ ಮುಗ್ಗರಿಸಿ ಬೀಳುವಂತೆ ಕಾಣುತ್ತದೆ. ಮಗುವನ್ನೇ ಒಂಟಿಕಾಲಿನಲ್ಲಿ ನಿಲ್ಲಿಸಿ, ಮುಂದಕ್ಕೆ ಬಾಗಿಸಿ ನೋಡು. ಬೀಳದೆ ಇರಬೇಕಾದರೆ ಪಾದ ಮೈಭಾರದ ಕೆಳಗೇ ಬರಬೇಕು. ಹಕ್ಕಿಗೂ ಅಷ್ಟೆ. ಮೊಟ್ಟೆಯ ನಡುವಿನಿಂದ ಸ್ವಲ್ಪ ಹಿಂದೆ ಹೊರಟ ಕಾಲು ಮುಂದಕ್ಕೆ ಓರೆಯಾಗಿ ಬಂದು ಪಾದವನ್ನು ಎದೆಯ ಕೆಳಗೆ ಊರುತ್ತದೆ.

ಯಾವನಾದರೂ ಚುರುಕು ಹುಡುಗ "ಮಿಸ್, ಹಕ್ಕಿ ಮಂಡಿ ಹಿಂದಕ್ಕೆ ಯಾಕೆ ಮಡಚುತ್ತೆ?" ಅಂತ ಕೇಳಿಯೇ ಕೇಳುತ್ತಾನೆ. ಉತ್ತರ ಗೊತ್ತಿರಲಿ: ಅದು ಮಂಡಿಯೇ ಅಲ್ಲ, ನಮ್ಮ ಹಿಮ್ಮಡಿಯ ಮೇಲಿನ ಕೀಲು. ನಿಜವಾದ ಮಂಡಿ ಗರಿಯೊಳಗೆ ಮೈಗೆ ಅಂಟಿಕೊಂಡು ಅಡಗಿರುತ್ತದೆ. ಹಕ್ಕಿ ಸದಾ ತುದಿಗಾಲಿನ ಮೇಲೆ ನಡೆಯುತ್ತದೆ. ಆಮೇಲೆ ಬೆರಳು. ಕಾಗೆ, ಗುಬ್ಬಿ, ಕೋಳಿಗೆ ಮುಂದೆ ಮೂರು, ಹಿಂದೆ ಒಂದು. ಗಿಳಿಗೂ ಮರಕುಟಿಗನಿಗೂ ಮುಂದೆ ಎರಡು, ಹಿಂದೆ ಎರಡು. ಬೋರ್‌ವೆಲ್ ನಲ್ಲಿಯ ಬಳಿ ಕೆಸರಿರುತ್ತದಲ್ಲ, ಅಲ್ಲಿ ಬೆಳಿಗ್ಗೆ ಕಾಗೆಯ ಹೆಜ್ಜೆ ಬಿದ್ದಿರುತ್ತದೆ, ಹುಡುಕಿಸು. ಗುಬ್ಬಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ, ಮೈನಾ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ. ಇದನ್ನು ಕಂಡ ಮಗುವಿನ ಗುಬ್ಬಿಗೂ ಮೈನಾಕ್ಕೂ ಕಾಲು ಬೇರೆಯಾಗುತ್ತದೆ. ಸೊನ್ನೆ ತ್ರಿಕೋನದ ಲೆಕ್ಕದಲ್ಲಿ ಇದು ಬರುವುದೇ ಇಲ್ಲ.

ಬಾಲ, ರೆಕ್ಕೆ ದೊಡ್ಡ ವಿಷಯವಲ್ಲ. ಬಾಲ ಒಂದು ಪಟ್ಟಿ. ಕಾಜಾಣಕ್ಕೆ ತುದಿಯಲ್ಲಿ ಸೀಳಿದ ಪಟ್ಟಿ, ಮಡಿವಾಳ ಹಕ್ಕಿಗೆ ಮೇಲಕ್ಕೆತ್ತಿದ ಪಟ್ಟಿ. ಮಡಚಿದ ರೆಕ್ಕೆ ಅಂದರೆ ಮೊಟ್ಟೆಯ ಮೇಲೊಂದು ಎಲೆ. ಪಕ್ಕದಿಂದ ನೋಡಿದಾಗ ಒಂದೇ ರೆಕ್ಕೆ ಕಾಣುವುದು ಅಂತ ವಾದ ಮಾಡಬೇಡ, ಎರಡು ಬೇಕು ಅನ್ನುವವರು ಎರಡು ಹಾಕಿಕೊಳ್ಳಲಿ. ಬಿಚ್ಚಿದ ರೆಕ್ಕೆಗೆ ಮಾತ್ರ ನಮ್ಮ ರಾಜ್ಯಪಕ್ಷಿ ನೀಲಕಂಠವನ್ನೇ ತೆಗೆದುಕೋ. ತಂತಿಯ ಮೇಲೆ ಕೂತಾಗ ಮಾಸಲು ಕಂದು ಬಣ್ಣ, ಯಾರೂ ತಿರುಗಿ ನೋಡುವುದಿಲ್ಲ. ಹಾರಿದ ತಕ್ಷಣ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ. ಹಾಳೆಯನ್ನು ನಡುವೆ ಮಡಿಚಿ ಒಂದು ಕಡೆ ಕೂತದ್ದು, ಒಂದು ಕಡೆ ಹಾರುವುದು ಬರೆಸಿದರೆ ಮಕ್ಕಳಿಗೆ ಬಲು ಖುಷಿ.

ಬಣ್ಣ ಅಂದಾಗ ನೆನಪಾಯಿತು. ಕಾಗೆ ಪೂರ್ತಿ ಕಪ್ಪು ಅಂತ ನಿನ್ನ ಕೋಣೆಯ ಎಲ್ಲರೂ ಹೇಳುತ್ತಾರೆ, ನೀನೂ ಹೇಳುತ್ತೀಯ. ಊಟದ ಹೊತ್ತಿಗೆ ಬರುವ ಊರುಕಾಗೆಯನ್ನು ಒಂದು ಸಲ ನೋಡು, ಅದರ ಕತ್ತು, ಎದೆ ಬೂದು. ಪೂರ್ತಿ ಕಪ್ಪಿರುವುದು ಕಾಡುಕಾಗೆ. ಗಂಡುಗುಬ್ಬಿಯ ಗಂಟಲು ಕಪ್ಪು, ಹೆಣ್ಣುಗುಬ್ಬಿಗೆ ಅದಿಲ್ಲ. ಬರೆಯುವ ಮುಂಚೆ ಎರಡೇ ನಿಮಿಷ ಹೊರಗೆ ನಿಂತು ನೋಡುವ ಅಭ್ಯಾಸ ಇಟ್ಟುಕೊಂಡರೆ ಇದೆಲ್ಲ ನೀನು ಹೇಳಬೇಕಾಗುವುದಿಲ್ಲ, ಅವರೇ ಬಂದು ನಿನಗೆ ಹೇಳುತ್ತಾರೆ.

ಇನ್ನು ಬೋರ್ಡಿನ ಪ್ರಶ್ನೆ. ನೀನು ಬೋರ್ಡಿನ ಮೇಲೆ "ಹಂತ ಒಂದು, ಹಂತ ಎರಡು" ಅಂತ ಬರೆದು, ಅವರು ನೋಡಿ ಬರೆದರೆ, ಅರ್ಧ ಗಂಟೆಗೆ ಇಡೀ ಕೋಣೆಯ ಹಕ್ಕಿಗಳೆಲ್ಲ ಒಂದೇ ಕಡೆ ಮುಖ ಮಾಡಿ ಕೂತಿರುತ್ತವೆ. ನೋಡಲು ಶಿಸ್ತಾಗಿರುತ್ತದೆ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವ ಕಲಾಶಿಕ್ಷಕರು ಮಕ್ಕಳ ಚಿತ್ರದ ಬಗ್ಗೆ ಬರೆದ ಪುಸ್ತಕ 1947ರಲ್ಲಿ ಬಂತು, ಕಲಾಶಿಕ್ಷಣದವರು ಇವತ್ತಿಗೂ ಅದನ್ನು ಓದುತ್ತಾರೆ. ಅದರಲ್ಲಿ ಒಂದೇ ಮಗುವಿನ ಮೂರು ಹಕ್ಕಿ ಚಿತ್ರಗಳಿವೆ. ಮೊದಲನೆಯದು ಮಗು ತಾನಾಗಿ ಬರೆದ ಹಕ್ಕಿ. ಎರಡನೆಯದು ಅಚ್ಚಾದ ಅಭ್ಯಾಸ ಪುಸ್ತಕದ ಹಕ್ಕಿಗಳಿಗೆ ಬಣ್ಣ ತುಂಬಿದ್ದು. ಮೂರನೆಯದು ಅದಾದ ಮೇಲೆ ಬರೆದ ಹಕ್ಕಿ, ಅದರಲ್ಲಿ ಮಗುವಿನದ್ದು ಏನೂ ಉಳಿದಿಲ್ಲ, ಅಭ್ಯಾಸ ಪುಸ್ತಕದ ಅಚ್ಚು ಮಾತ್ರ ಇದೆ. ಅದಕ್ಕೇ ಬಣ್ಣ ತುಂಬುವ ಪುಸ್ತಕ ಅಂದರೆ ನನಗೆ ಅಷ್ಟಕ್ಕಷ್ಟೆ.

ಆದರೆ ಆಕಾರ ಹಿಡಿದು ಕಲಿಸುವುದೇ ತಪ್ಪು ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. "ನಂಗೆ ಬರಲ್ಲ ಮಿಸ್" ಅಂತ ಹಾಳೆ ಮುಚ್ಚಿಕೊಂಡು ಕೂರುವ ಮಗುವಿಗೆ ಸೊನ್ನೆಯೇ ಧೈರ್ಯ. ಅಮೆರಿಕದ ಎಡ್ ಎಂಬರ್ಲಿ 1970ರಲ್ಲಿ ತಂದ ಪ್ರಾಣಿಗಳ ಡ್ರಾಯಿಂಗ್ ಪುಸ್ತಕ ಪೂರ್ತಿ ಇಂಥ ಸಣ್ಣ ಆಕಾರಗಳ ಮೇಲೇ ನಿಂತಿದೆ, ಅದನ್ನು ನೋಡಿ ಪೆನ್ಸಿಲ್ ಹಿಡಿದವರು ಬಹಳ. ನಮ್ಮಲ್ಲೇ ನೋಡು, ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ, ಪುಂಡಿ ನಾರಿನ ಕುಂಚದಲ್ಲಿ. ಅದರಲ್ಲಿ ಹಕ್ಕಿಯೂ ಗೆರೆ, ತ್ರಿಕೋನಗಳೇ. ಮನೆಮುಂದಿನ ಚುಕ್ಕಿ ರಂಗೋಲಿಯ ಗಿಳಿಯೂ ಲೆಕ್ಕದ ಗಿಳಿಯೇ. ಲೆಕ್ಕ ಗೊತ್ತಿದ್ದೂ ಒಬ್ಬರ ಗಿಳಿ ಇನ್ನೊಬ್ಬರದ್ದಾಗುವುದಿಲ್ಲ, ಏಕೆಂದರೆ ಬರೆಯುವವರು ಪ್ರತಿ ಸಲ ಏನನ್ನೋ ತಾವೇ ತೀರ್ಮಾನಿಸುತ್ತಾರೆ. ನಿನ್ನ ಪಾಠದಲ್ಲೂ ಆ ಜಾಗ ಬಿಟ್ಟಿರು. ಮೊಟ್ಟೆ ಬರೆಯಿರಿ ಅಂತ ನೀನು ಹೇಳು. ಎಷ್ಟು ದೊಡ್ಡದು, ಎಷ್ಟು ಓರೆ, ಯಾವ ಕಡೆ ಮುಖ ಅನ್ನುವುದು ಅವರ ಪಾಲು. ಬೋರ್ಡಿನ ಮೇಲೆ ತೋರಿಸಲೇಬೇಕಾದರೆ ಮೂರು ನಾಲ್ಕು ಬಗೆಯ ಹಕ್ಕಿ ತೋರಿಸಿ, ಅವರು ಶುರುಮಾಡುವ ಮುಂಚೆ ಒರೆಸಿಬಿಡು. ಮಗುವಿನ ಹಾಳೆಯ ಮೇಲೆ ಮಾತ್ರ ನಿನ್ನ ಪೆನ್ಸಿಲ್ ಇಳಿಯಕೂಡದು. ಹೇಳಿಕೊಡಬೇಕಾದರೆ ಬೇರೆ ಚೀಟಿಯಲ್ಲಿ ಬರೆದು ತೋರಿಸು.

ಇದಕ್ಕೆ ಇನ್ನೂ ಒಳ್ಳೆಯ ಉಪಾಯ ಕತ್ತರಿಸಿದ ಕಾಗದ. ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಡು, ಕಾಗದ ದಪ್ಪ, ಕೆಂಪು ಹಳದಿ ಬಣ್ಣ ಪುಕ್ಕಟೆ. ಮೊಟ್ಟೆ, ಸೊನ್ನೆ, ಅರ್ಧ ಸೊನ್ನೆ, ತ್ರಿಕೋನ, ಪಟ್ಟಿ ಕತ್ತರಿಸಿ ಒಂದು ಡಬ್ಬಿಯಲ್ಲಿ ಹಾಕು. ಅಂಟು ಮಾತ್ರ ಕೊನೆಯವರೆಗೂ ಕೊಡಬೇಡ. ಮಗು ಸೊನ್ನೆಯನ್ನು ಮೊಟ್ಟೆಯ ಸುತ್ತ ಸರಿಸಿ ಸರಿಸಿ ನೋಡುತ್ತದೆ: ಮುಂದೆ ಇಟ್ಟರೆ ನಡೆಯುವ ಹಕ್ಕಿ, ಕೆಳಗೆ ಇಟ್ಟರೆ ನೀರು ಕುಡಿಯುವುದು, ಬೆನ್ನ ಮೇಲಿಟ್ಟು ಕೊಕ್ಕು ಹಿಂದಕ್ಕೆ ಮಾಡಿದರೆ ರೆಕ್ಕೆ ಕೆರೆದುಕೊಳ್ಳುವುದು. ಗೆರೆ ಎಳೆದರೆ ಉಳಿದುಬಿಡುತ್ತದೆ ಅನ್ನುವ ಭಯ ಇಲ್ಲಿಲ್ಲ. ಇನ್ನೊಂದು ಲಾಭ ಉಂಟು. ಬಲಗೈಯಲ್ಲಿ ಬರೆಯುವವರ ಹಕ್ಕಿಗಳು ಸಾಮಾನ್ಯವಾಗಿ ಎಡಕ್ಕೇ ಮುಖ ಮಾಡಿರುತ್ತವೆ, ಕೈಗೆ ಅದು ಸಲೀಸು. ಕಾಗದದ ತುಂಡಾದರೆ ಯಾವ ಕಡೆಗೂ ತಿರುಗುತ್ತದೆ, ಎರಡು ಹಕ್ಕಿ ಎದುರುಬದುರು ಕೂತು ಜಗಳ ಆಡಬಹುದು. ಮೈದಾಹಿಟ್ಟಿನ ಅಂಟು ಸಾಕು, ಅಂಗಡಿಯದ್ದೇ ಆಗಬೇಕಿಲ್ಲ.

ಹೆಡ್‌ಮೇಷ್ಟ್ರು "ಅಕ್ಷರ ಬಿಟ್ಟು ಗುಬ್ಬಿ ಬರೆಸ್ತೀರಾ?" ಅಂತ ಕೇಳಬಹುದು. ಗಾಂಧೀಜಿಯವರ ಆತ್ಮಕಥೆ ತೋರಿಸು. ತಮ್ಮ ಕೆಟ್ಟ ಕೈಬರಹದ ಬಗ್ಗೆ ನಾಚಿಕೆಪಟ್ಟುಕೊಂಡು ಬರೆದ ಭಾಗದಲ್ಲಿ, ಮಕ್ಕಳಿಗೆ ಅಕ್ಷರ ಬರೆಸುವ ಮೊದಲು ಚಿತ್ರ ಬರೆಯಲು ಕಲಿಸಬೇಕು ಅನ್ನುತ್ತಾರೆ. ಹೂವು, ಹಕ್ಕಿಗಳನ್ನು ನೋಡಿ ಗುರುತಿಸುವಂತೆ ಅಕ್ಷರವನ್ನೂ ಮೊದಲು ನೋಡಿ ಗುರುತಿಸಲಿ, ಬರೆಯುವುದು ಆಮೇಲೆ ಅನ್ನುವುದು ಅವರ ಅಭಿಪ್ರಾಯ. ಅದೂ ಸಾಲದೆಂದರೆ ಕನ್ನಡದ ಅಕ್ಷರಮಾಲೆ ತೋರಿಸು. ಇಷ್ಟು ದುಂಡಗಿನ ಅಕ್ಷರ ಬರೆಯಬೇಕಾದ ಕೈಗೆ ಮೊಟ್ಟೆಗಿಂತ ಒಳ್ಳೆಯ ಅಭ್ಯಾಸ ಯಾವುದಿದೆ?

ಮಗು ಹಾಳೆ ತಂದು ತೋರಿಸಿದಾಗ "ಏನಿದು?" ಅಂತ ಕೇಳಬೇಡ. ಅದಕ್ಕೆ ಗೊತ್ತಾಗಿರುವುದು ನಿನಗೆ ಗೊತ್ತಾಗಿಲ್ಲ ಅಂತ ಮುಖ ಸಣ್ಣದಾಗುತ್ತದೆ. ಎಲ್ಲದಕ್ಕೂ "ವೆರಿ ಗುಡ್" ಅನ್ನುವುದೂ ಬೇಡ, ನಾಲ್ಕನೇ ದಿನಕ್ಕೆ ಅದರ ಬೆಲೆ ಇಳಿಯುತ್ತದೆ. ಕಂಡದ್ದನ್ನು ಹೇಳು. "ಇದರ ಕಾಲು ಎಷ್ಟು ಉದ್ದ ಬರೆದಿದ್ದೀಯ, ನೀರೊಳಗೆ ನಿಲ್ಲುತ್ತಾ?" ಅನ್ನು. ಮಗು ಕಥೆ ಹೇಳಲು ಶುರುಮಾಡಿದರೆ ಒಂದೆರಡು ಸಾಲು ಹಾಳೆಯ ಹಿಂದೆ ಬರೆದುಕೋ, ಹೆಸರು ತಾರೀಖು ಹಾಕು. ವರ್ಷದ ಕೊನೆಗೆ ಅಪ್ಪ ಅಮ್ಮ ಬಂದಾಗ ಜೂನ್ ತಿಂಗಳ ಹಕ್ಕಿಯನ್ನೂ ಮಾರ್ಚ್ ತಿಂಗಳ ಹಕ್ಕಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸು. ಗೋಡೆಗೆ ಅಂಟಿಸುವಾಗ ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸು, ಇನ್‌ಸ್ಪೆಕ್ಟರ ಕಣ್ಣಿನ ಎತ್ತರಕ್ಕಲ್ಲ. ಎಲ್ಲರದ್ದೂ ಇರಲಿ. ಮೊದಲ ಬಹುಮಾನ, ಎರಡನೇ ಬಹುಮಾನ ಆಗಸ್ಟ್ ಹದಿನೈದರ ಓಟದ ಪಂದ್ಯಕ್ಕೆ ಸಾಕು.

ಒಂದಂತೂ ಗ್ಯಾರಂಟಿ, ವಾರದೊಳಗೆ ಯಾರಾದರೂ ನವಿಲು ಕೇಳುತ್ತಾರೆ. ಹೆದರಬೇಡ, ಕಷ್ಟವೇನಿಲ್ಲ. ಬಿಚ್ಚಿದ ಗರಿಯ ಬೀಸಣಿಗೆ ನವಿಲಿನ ಬಾಲವಲ್ಲ, ಬಾಲದ ಮೇಲಿನಿಂದ ಹೊರಟ ಉದ್ದನೆಯ ಗರಿಗಳು. ನಿಜವಾದ ಬಾಲ ಹಿಂದೆ ನಿಂತು ಅದಕ್ಕೆ ಆಸರೆ ಕೊಟ್ಟಿರುತ್ತದೆ. ಹಾಗಾಗಿ ಮೊದಲು ನಿಂತ ಮೊಟ್ಟೆ, ಉದ್ದ ಕತ್ತು, ಪುಟ್ಟ ಸೊನ್ನೆಯ ತಲೆ. ಅದರ ಹಿಂದೆ ಹಾಳೆ ತುಂಬ ಒಂದು ಅರ್ಧ ಸೊನ್ನೆ. ಗರಿಯ ಕಣ್ಣುಗಳನ್ನು ಕ್ರೇಯಾನಿನಲ್ಲಿ ಒಂದೊಂದೇ ಬರೆಯುವಷ್ಟು ತಾಳ್ಮೆ ಇಲ್ಲದವರಿಗೆ ನೀಲಿ ಬಣ್ಣದಲ್ಲಿ ಹೆಬ್ಬೆಟ್ಟು ಒತ್ತಿಸು. ಚಿಕ್ಕ ಹಾಳೆ ಕೊಟ್ಟರೆ ಗರಿಗೆ ಜಾಗ ಸಾಲದೆ ಅಳು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಹೋದ ವರ್ಷದ ಕ್ಯಾಲೆಂಡರ್‌ಗಳನ್ನು ನಿನ್ನ ಅತ್ತೆ ಎಸೆಯದೆ ಇಟ್ಟಿದ್ದಾಳೆ, ಹಿಂಬದಿ ಖಾಲಿ ಇದೆ. ಭಾನುವಾರ ಬಸ್ಸಿಗೆ ಬರುವವರ ಕೈಯಲ್ಲಿ ಸುತ್ತಿ ಕಳಿಸುತ್ತೇನೆ.

ನಿನ್ನ ಮಾವ